ಎಣಿಕೆ ತಪ್ಪಿದ ಗಡಿಯಾರ

ಕಾಲವನ್ನು ಅಳೆಯುವ ಯಂತ್ರಗಳೆಲ್ಲವೂ ನಿಜವಾಗಿ ಮಾಡುವುದು ಎಣಿಕೆಯನ್ನು. ಗೋಡೆಯ ಮೇಲಿನ ಹಳೆಯ ಗಡಿಯಾರ ಲೋಲಕದ ತೂಗಾಟಗಳನ್ನು ಎಣಿಸುತ್ತಿತ್ತು. ಗಣಕಯಂತ್ರದ ಗಡಿಯಾರ ಒಂದು ಸ್ಫಟಿಕದ ಕಂಪನಗಳನ್ನು ಎಣಿಸುತ್ತದೆ. ಕಂಪನಗಳು ಗೊತ್ತಾದಷ್ಟು ಸಂಖ್ಯೆಯನ್ನು ಮುಟ್ಟಿದೊಡನೆ ಯಂತ್ರದೊಳಗೆ ಒಂದು ಮಿಡಿತವುಂಟಾಗುತ್ತದೆ. ಯಂತ್ರದ ಸಕಲ ವ್ಯವಹಾರಗಳ ಮೇಲ್ವಿಚಾರಣೆಯನ್ನು ನೋಡಿಕೊಳ್ಳುವ ಆಪರೇಟಿಂಗ್ ಸಿಸ್ಟಂ ಪ್ರತಿ ಮಿಡಿತಕ್ಕೂ ತನ್ನ ಲೆಕ್ಕಕ್ಕೆ ಒಂದನ್ನು ಕೂಡಿಸಿಕೊಳ್ಳುತ್ತದೆ. ಯಾವ ಕೆಲಸವನ್ನು ಎಷ್ಟು ಹೊತ್ತು ನಡೆಸಬೇಕು, ಬಾರದ ಉತ್ತರಕ್ಕೆ ಎಲ್ಲಿಯವರೆಗೆ ಕಾಯಬೇಕು ಎಂಬುದೆಲ್ಲ ಈ ಲೆಕ್ಕದಿಂದಲೇ ನಿರ್ಧಾರವಾಗುವುದು.

ಒಂದೊಂದಾಗಿ ಕೂಡುವುದರಲ್ಲಿ ತಪ್ಪಾಗುವುದಾದರೂ ಹೇಗೆ? ಈ ಎಣಿಕೆ ಪೂರ್ಣಾಂಕಗಳಲ್ಲಿ ನಡೆಯುತ್ತದೆ. ಅಲ್ಲಿ ಭಿನ್ನರಾಶಿಗೆ ಸ್ಥಳವಿಲ್ಲ. ಮೇಲಾಗಿ ಆ ಪೂರ್ಣಾಂಕಕ್ಕೆ ಮೀಸಲಾದ ಮನೆಗಳು ಇಷ್ಟೇ ಎಂದು ಮೊದಲೇ ಗೊತ್ತಾಗಿರುತ್ತದೆ. ತೊಂದರೆಗಳೆರಡೂ ಇಲ್ಲಿಂದಲೇ ಹುಟ್ಟುತ್ತವೆ.

ಮೊದಲು ಭಿನ್ನರಾಶಿಯ ವಿಷಯ. 1981ರಲ್ಲಿ ಹೊರಬಂದ ಐಬಿಎಂ ಪಿಸಿಯ ಗಡಿಯಾರಕ್ಕೆ ಸೆಕೆಂಡಿಗೆ 11,93,182 ಸ್ಪಂದನಗಳು ಒದಗುತ್ತಿದ್ದವು. ಈ ವಿಚಿತ್ರ ಸಂಖ್ಯೆ ಬಂದುದು ಅಮೆರಿಕದ ವರ್ಣ ಟೆಲಿವಿಷನ್ನಿನಿಂದ. ಅದರ ಆವೃತ್ತಿಗೆ ಹೊಂದುವ ಸ್ಫಟಿಕವನ್ನೇ ಇಲ್ಲಿಯೂ ಬಳಸಿ, ಹನ್ನೆರಡರಿಂದ ಭಾಗಿಸಿದ್ದರು. ಮುಂದೆ ಬಂದ ಪಿಸಿಗಳಲ್ಲಿಯೂ ಅದೇ ಉಳಿಯಿತು. ಇದರಿಂದ ಸೆಕೆಂಡಿಗೆ ಸಾವಿರ ಮಿಡಿತಗಳನ್ನು ಪಡೆಯಬೇಕಾದರೆ 1193.182 ಸ್ಪಂದನಗಳಿಗೊಮ್ಮೆ ಮಿಡಿಯಬೇಕು. ಎಣಿಸಲು ಸಾಧ್ಯವಿರುವುದು 1193 ಮಾತ್ರ. ಹೀಗಾಗಿ ಪ್ರತಿಯೊಂದು ಮಿಡಿತವೂ ಮಿಲಿಸೆಕೆಂಡಿಗಿಂತ ಸುಮಾರು 152 ನ್ಯಾನೊಸೆಕೆಂಡಿನಷ್ಟು ಮೊದಲೇ ಬಂದುಬಿಡುತ್ತದೆ. ಇಷ್ಟನ್ನು ಯಾರು ಲೆಕ್ಕಿಸಿಯಾರು ಎನ್ನಬಹುದು. ಆದರೆ ದಿನಕ್ಕೆ ಮಿಡಿತಗಳು ಎಂಟು ಕೋಟಿಗೂ ಹೆಚ್ಚು. ಸಂಜೆಯಾಗಿ ಬೆಳಗಾಗುವುದರೊಳಗೆ ಆರೂವರೆ ಸೆಕೆಂಡು, ಒಂದು ದಿನಕ್ಕೆ ಹದಿಮೂರು ಸೆಕೆಂಡು ಗಡಿಯಾರ ಮುಂದೆ ಓಡಿರುತ್ತದೆ. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಇದನ್ನು ತಿದ್ದಿದ ಕ್ರಮ ಬಹು ಸರಳ. ಮಿಡಿತಕ್ಕೆ ಒಂದು ಮಿಲಿಸೆಕೆಂಡು, ಎಂದರೆ ಹತ್ತು ಲಕ್ಷ ನ್ಯಾನೊಸೆಕೆಂಡು, ಎಂದು ಕೂಡುವುದನ್ನು ಬಿಟ್ಟು, ಅದರ ನಿಜವಾದ ಉದ್ದವಾದ ಸುಮಾರು 9,99,848 ನ್ಯಾನೊಸೆಕೆಂಡುಗಳನ್ನೇ ಕೂಡಿಸಿತು.

ಪ್ರಯೋಗಶಾಲೆಯಲ್ಲಿ ನಾವು ವಿದ್ಯಾರ್ಥಿಗಳಿಗೆ ಹೇಳುವ ಮಾತೊಂದುಂಟು: ಲೋಲಕದ ಒಂದು ಆಂದೋಲನವನ್ನು ಅಳೆದು ಇಪ್ಪತ್ತರಿಂದ ಗುಣಿಸಬೇಡಿ, ಇಪ್ಪತ್ತು ಆಂದೋಲನಗಳನ್ನು ಅಳೆದು ಇಪ್ಪತ್ತರಿಂದ ಭಾಗಿಸಿ. ಭಾಗಿಸಿದರೆ ದೋಷ ಕುಗ್ಗುತ್ತದೆ, ಗುಣಿಸಿದರೆ ಹಿಗ್ಗುತ್ತದೆ. ಈ ಮಾತನ್ನು ಮರೆತುದರ ಫಲ ಒಮ್ಮೆ ಜೀವಹಾನಿಯವರೆಗೂ ಹೋಯಿತು. ಕೊಲ್ಲಿ ಯುದ್ಧದಲ್ಲಿ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆಯ ಗಡಿಯಾರ ಸೆಕೆಂಡಿನ ಹತ್ತನೆಯ ಒಂದು ಭಾಗಗಳನ್ನು ಎಣಿಸುತ್ತಿತ್ತು. ಎಣಿಕೆಯಲ್ಲಿ ದೋಷವಿರಲಿಲ್ಲ. ಅದನ್ನು ಸೆಕೆಂಡುಗಳಿಗೆ ತರಲು 0.1ರಿಂದ ಗುಣಿಸುತ್ತಿದ್ದರು. ದಶಮಾನ ಪದ್ಧತಿಯಲ್ಲಿ ಮೂರರಲ್ಲೊಂದು ಭಾಗ 0.333 ಎಂದು ಕೊನೆಯಿಲ್ಲದೆ ಸಾಗುವಂತೆ, ಯಂತ್ರದ ದ್ವಿಮಾನ ಪದ್ಧತಿಯಲ್ಲಿ ಹತ್ತರಲ್ಲೊಂದು ಭಾಗ ಕೊನೆಯಿಲ್ಲದೆ ಸಾಗುತ್ತದೆ. ಯಂತ್ರದಲ್ಲಿದ್ದುದು 24 ಮನೆಗಳು. ಅಲ್ಲಿಗೆ ಕತ್ತರಿಸಿದಾಗ ಕೊರತೆಯಾದುದು ಸೆಕೆಂಡಿನ ಕೋಟಿಯಲ್ಲೊಂದು ಭಾಗಕ್ಕೂ ಸ್ವಲ್ಪ ಕಡಿಮೆ. 1991ರ ಫೆಬ್ರವರಿ 25ರಂದು ಸೌದಿ ಅರೇಬಿಯದ ಧಹ್ರಾನಿನಲ್ಲಿ ಆ ಯಂತ್ರ ಎಡೆಬಿಡದೆ ನೂರು ಗಂಟೆ ನಡೆದಿತ್ತು. ಮೂವತ್ತಾರು ಲಕ್ಷ ಎಣಿಕೆಗಳಲ್ಲಿ ಕೊರತೆ 0.34 ಸೆಕೆಂಡಿಗೆ ಬೆಳೆದಿತ್ತು. ಸೆಕೆಂಡಿಗೆ ಒಂದೂವರೆ ಕಿಲೋಮೀಟರಿಗೂ ಹೆಚ್ಚು ದೂರ ಹಾರಿಬರುವ ಸ್ಕಡ್ ಕ್ಷಿಪಣಿಯನ್ನು ರಾಡಾರ್ ಅರ್ಧ ಕಿಲೋಮೀಟರಿಗೂ ಮಿಕ್ಕಿ ಆಚೆಗೆ ಹುಡುಕಿತು, ಕಾಣಲಿಲ್ಲ. ಇಪ್ಪತ್ತೆಂಟು ಸೈನಿಕರು ಸತ್ತರು. ತಿದ್ದಿದ ಕ್ರಮವಿಧಿ ಧಹ್ರಾನಿಗೆ ಬಂದು ತಲಪಿದುದು ಮರುದಿನ.

ಇನ್ನು ಎಣಿಕೆಯ ಮನೆಗಳು ತುಂಬಿಹೋಗುವ ವಿಷಯ. ಇದಕ್ಕೆ ನಮ್ಮ ಪಂಚಾಂಗದಲ್ಲಿಯೇ ಒಳ್ಳೆಯ ನಿದರ್ಶನವಿದೆ. ಪ್ರಭವದಿಂದ ಅಕ್ಷಯದವರೆಗೆ ಅರವತ್ತು ಸಂವತ್ಸರಗಳು; ಅಕ್ಷಯವಾದ ಮೇಲೆ ಮತ್ತೆ ಪ್ರಭವ. 32 ಮನೆಗಳ ದ್ವಿಮಾನ ಎಣಿಕೆಯೂ ಹೀಗೆಯೇ ತಿರುಗುವ ಚಕ್ರ. ಆದರೆ ಅಲ್ಲಿ ಅರವತ್ತರ ಬದಲು 429 ಕೋಟಿಗೂ ಹೆಚ್ಚು ಹೆಸರುಗಳಿವೆ. ಮಿಲಿಸೆಕೆಂಡಿಗೆ ಒಂದರಂತೆ ಎಣಿಸಿದರೆ 49 ದಿನ 17 ಗಂಟೆಗಳಲ್ಲಿ ಚಕ್ರ ಮುಗಿದು, ಎಣಿಕೆ ಥಟ್ಟನೆ ಸೊನ್ನೆಗೆ ಮರಳುತ್ತದೆ.

ವಿಂಡೋಸ್ 95ರಲ್ಲಿ ಇಂಥ ದೋಷವಿತ್ತು. ಅಷ್ಟು ದಿನ ಒಂದೇ ಸಮನೆ ನಡೆದ ಯಂತ್ರ ಸ್ತಬ್ಧವಾಗಬಹುದಾಗಿತ್ತು. ಇದು ಬಯಲಿಗೆ ಬಂದುದು 1999ರಲ್ಲಿ. ಬೇರೆ ಯಾವ ಕಾರಣದಿಂದಲೂ ಕೆಡದೆ ಐವತ್ತು ದಿನ ನಡೆದ ಯಂತ್ರವೇ ಅಪರೂಪವೆಂದು ಜನ ನಗೆಯಾಡಿದರು, ಮಾತಿನಲ್ಲಿ ನಿಜವಿಲ್ಲದಿರಲಿಲ್ಲ. ನಗಲಾಗದ ಪ್ರಸಂಗವೂ ಒಂದುಂಟು. 2004ರ ಸೆಪ್ಟೆಂಬರ್ 14ರಂದು ಲಾಸ್ ಏಂಜಲೀಸ್ ಬಳಿಯ ಪಾಮ್‌ಡೇಲಿನ ವಿಮಾನಸಂಚಾರ ಕೇಂದ್ರದಲ್ಲಿ ಮಿಲಿಸೆಕೆಂಡುಗಳ ಇಂಥದೇ ಎಣಿಕೆ ಕೊನೆಮುಟ್ಟಿ, ವಿಮಾನಗಳೊಡನೆ ಮಾತನಾಡುವ ವ್ಯವಸ್ಥೆ ನಿಂತುಹೋಯಿತು. ಬದಲಿಗೆಂದು ಇಟ್ಟಿದ್ದ ವ್ಯವಸ್ಥೆಯೂ ಕೈಕೊಟ್ಟಿತು. ಮೂರು ಗಂಟೆಗೂ ಹೆಚ್ಚು ಕಾಲ ಕೇಂದ್ರದ ಸಂಪರ್ಕ ಕಡಿದಿತ್ತು. ಡಿಕ್ಕಿಯಾಗದಿದ್ದುದು ಪುಣ್ಯ. ತಿಂಗಳಿಗೊಮ್ಮೆ ಯಂತ್ರವನ್ನು ನಿಲ್ಲಿಸಿ ಮತ್ತೆ ಹೊರಡಿಸಬೇಕೆಂಬ ನಿಯಮವಿತ್ತು. ಆ ಬಾರಿ ಅದು ತಪ್ಪಿತ್ತು. ಕ್ರಮವಿಧಿಯ ದೋಷವನ್ನು ಮನುಷ್ಯನ ಜ್ಞಾಪಕಶಕ್ತಿಯಿಂದ ತುಂಬಿಸುವುದನ್ನು ನಾವು ಪರಿಹಾರವೆಂದು ಒಪ್ಪಲಾರೆವು.

ನಿಜವಾದ ಪರಿಹಾರವನ್ನು ಪಂಚಾಂಗ ನೋಡುವ ಯಾವ ಹಿರಿಯರೂ ಬಲ್ಲರು. ಮಗು ಹುಟ್ಟಿದುದು ಐವತ್ತೊಂಬತ್ತನೆಯದಾದ ಕ್ರೋಧನ ಸಂವತ್ಸರದಲ್ಲಿ. ಈಗ ನಡೆಯುತ್ತಿರುವುದು ಮೂರನೆಯದಾದ ಶುಕ್ಲ. ಮೂರು ಐವತ್ತೊಂಬತ್ತಕ್ಕಿಂತ ಚಿಕ್ಕದು, ಆದುದರಿಂದ ಮಗು ಇನ್ನೂ ಹುಟ್ಟಿಲ್ಲ ಎಂದು ಯಾರೂ ಹೇಳುವುದಿಲ್ಲ. ಚಕ್ರದ ಮೇಲೆ ಮುಂದಕ್ಕೆ ಎಣಿಸಿ, ನಾಲ್ಕು ವರ್ಷವೆನ್ನುತ್ತಾರೆ. ಕೆಟ್ಟ ಕ್ರಮವಿಧಿಗಳು ‘ಈಗಿನ ಎಣಿಕೆ ಗುರಿಯ ಎಣಿಕೆಗಿಂತ ದೊಡ್ಡದೇ?’ ಎಂದು ಕೇಳುತ್ತಿದ್ದವು. ಕೇಳಬೇಕಾದುದು ‘ಗುರಿಯಿಂದ ಈಗಿನವರೆಗೆ ಚಕ್ರದ ಮೇಲೆ ಎಷ್ಟು ದೂರ?’ ಎಂದು. ಆ ದೂರ ಅರ್ಧ ಚಕ್ರಕ್ಕಿಂತ ಕಡಿಮೆಯಿದ್ದರೆ ಗುರಿಯ ಹೊತ್ತು ಕಳೆದಿದೆ. ಹೆಚ್ಚಿದ್ದರೆ ಇನ್ನೂ ಬರಬೇಕಾಗಿದೆ. ಕಾಯಬೇಕಾದ ಅವಧಿಗಳೆಲ್ಲ ಅರ್ಧ ಚಕ್ರದೊಳಗೆ ಇರುವವರೆಗೆ ಎಣಿಕೆ ಎಷ್ಟು ಸಲ ಸೊನ್ನೆಗೆ ಮರಳಿದರೂ ಬಾಧಕವಿಲ್ಲ.

ಹಾಗಾದರೆ ಮನೆಗಳನ್ನು 64ಕ್ಕೆ ಏರಿಸಿಬಿಟ್ಟರಾಯಿತಲ್ಲ ಎಂದು ವಾಚಕರು ಕೇಳಬಹುದು. ಅಷ್ಟು ಮನೆಗಳಲ್ಲಿ ನ್ಯಾನೊಸೆಕೆಂಡುಗಳನ್ನು ಎಣಿಸಿದರೂ ಚಕ್ರ ತುಂಬಲು 584 ವರ್ಷ ಬೇಕು. ಆದರೂ ಲಿನಕ್ಸಿನ ಒಂದು ಗಡಿಯಾರ 208 ದಿನಗಳಲ್ಲಿಯೇ ಹಳಿ ತಪ್ಪುತ್ತಿದ್ದುದು ಕಂಡುಬಂದಿತು. ಕಾರಣ ಇದು: ಸ್ಪಂದನಗಳನ್ನು ನ್ಯಾನೊಸೆಕೆಂಡುಗಳಿಗೆ ತರಲು ಒಂದು ಪೂರ್ಣಾಂಕದಿಂದ ಗುಣಿಸಿ, ಅನಂತರ 1024ರಿಂದ ಭಾಗಿಸುತ್ತಿದ್ದರು. ಕೊನೆಯ ಉತ್ತರ ಮನೆಗಳಲ್ಲಿ ಹಿಡಿಯುತ್ತಿತ್ತು. ನಡುವಣ ಗುಣಲಬ್ಧ ಅದರ 1024ರಷ್ಟು ದೊಡ್ಡದಾದ್ದರಿಂದ ಹಿಡಿಯುತ್ತಿರಲಿಲ್ಲ. 584 ವರ್ಷವನ್ನು 1024ರಿಂದ ಭಾಗಿಸಿದರೆ ಬರುವುದು ಆ 208 ದಿನಗಳೇ.

ಮೊದಲೇ ಭಾಗಿಸಿದರೆ ಶೇಷ ನಷ್ಟವಾಗಿ, ಹಿಂದೆ ಕಂಡ ಭಿನ್ನರಾಶಿಯ ತೊಂದರೆ ಮರಳಿ ಬರುತ್ತದೆ. 2011ರಲ್ಲಿ ಮಾಡಿದ ತಿದ್ದುಪಡಿ ಎರಡರಿಂದಲೂ ಪಾರಾಯಿತು. ನಾಲ್ಕೇ ಅಂಕಿಗಳ ಮನೆಯಲ್ಲಿ 2345ನ್ನು 37ರಿಂದ ಗುಣಿಸಿ 100ರಿಂದ ಭಾಗಿಸಬೇಕೆನ್ನಿ. ಗುಣಲಬ್ಧ 86,765 ಹಿಡಿಯದು. 2345ನ್ನು ಇಪ್ಪತ್ತಮೂರು ನೂರು ಮತ್ತು 45 ಎಂದು ಒಡೆಯೋಣ. 23ನ್ನು 37ರಿಂದ ಗುಣಿಸಿದರೆ 851. ಶೇಷವಾದ 45ನ್ನು 37ರಿಂದ ಗುಣಿಸಿದರೆ 1665. ಅದನ್ನು 100ರಿಂದ ಭಾಗಿಸಿದರೆ 16. ಕೂಡಿದರೆ 867. ಎಲ್ಲಿಯೂ ನಾಲ್ಕು ಅಂಕಿ ಮೀರಲಿಲ್ಲ, ಉತ್ತರವೂ ಸರಿ.

ಇಂಥ ತಪ್ಪುಗಳ ಕೇಡೆಂದರೆ ಪರೀಕ್ಷಿಸುವವನ ಮೇಜಿನ ಮೇಲೆ ಅವು ಕಾಣಿಸಿಕೊಳ್ಳುವುದಿಲ್ಲ. ಐವತ್ತು ದಿನ ಕಾದು ನೋಡುವ ವ್ಯವಧಾನ ಯಾರಿಗಿದೆ? ಲಿನಕ್ಸ್ ಬರೆಯುವವರು ಇದಕ್ಕೊಂದು ಉಪಾಯ ಹೂಡಿದರು. ಯಂತ್ರ ಹೊರಟಾಗ ಮಿಡಿತದ ಎಣಿಕೆಯನ್ನು ಸೊನ್ನೆಯಿಂದ ಆರಂಭಿಸದೆ, 32 ಮನೆಗಳ ಚಕ್ರ ಮುಗಿಯಲು ಸರಿಯಾಗಿ ಐದು ನಿಮಿಷ ಉಳಿದಿರುವ ಸಂಖ್ಯೆಯಿಂದ ಆರಂಭಿಸಿದರು. ಚಕ್ರ ತಿರುಗುವುದನ್ನು ಮರೆತು ಬರೆದ ಕ್ರಮವಿಧಿ ಈಗ ಐವತ್ತನೆಯ ದಿನ ಎಲ್ಲೋ ದೂರದ ಕೇಂದ್ರದಲ್ಲಿ ಕೆಡುವುದಿಲ್ಲ; ಬರೆದವನ ಎದುರಿಗೇ, ಅವನ ಕಾಫಿ ಆರುವ ಮೊದಲೇ ಕೆಡುತ್ತದೆ.