ವೃಶ್ಚಿಕ: ಬಾನಲ್ಲಿ ಚೇಳು, ಜಾತಕದಲ್ಲಿ ಭಯ

ಹನ್ನೆರಡು ರಾಶಿಗಳಲ್ಲಿ ಹೆಸರಿಗೆ ತಕ್ಕ ರೂಪ ಇರುವಂಥವು ತೀರ ಕಡಿಮೆ. ಮೇಷದಲ್ಲಿ ಟಗರನ್ನೋ ಕರ್ಕಾಟಕದಲ್ಲಿ ಏಡಿಯನ್ನೋ ಕಾಣಬೇಕಾದರೆ ಕಲ್ಪನೆಯನ್ನು ಬಹಳವಾಗಿ ಹಿಗ್ಗಿಸಬೇಕು. ವೃಶ್ಚಿಕಕ್ಕೆ ಆ ಕಷ್ಟವಿಲ್ಲ. ಮೇ ತಿಂಗಳ ನಡುವಿನಲ್ಲಿ, ರಾತ್ರಿ ಹನ್ನೊಂದರ ಹೊತ್ತಿಗೆ, ಬೀದಿದೀಪ ಕಣ್ಣಿಗೆ ರಾಚದ ಕಡೆ ಆಗ್ನೇಯಕ್ಕೆ ಮುಖ ಮಾಡಿ ನಿಂತರೆ ಸಾಕು. ಮೊದಲು ತಲೆಯ ಮೂರು ನಕ್ಷತ್ರಗಳು ಬಾಗಿದ ಗೆರೆಯಂತೆ ಕಾಣುತ್ತವೆ, ಅದು ಅನುರಾಧಾ. ಅದರ ಹಿಂದೆ, ಎದೆಯ ಜಾಗದಲ್ಲಿ, ಕೆಂಪಗೆ ಒಂದು ದೊಡ್ಡ ತಾರೆ; ಅದು ಜ್ಯೇಷ್ಠಾ. ಅಲ್ಲಿಂದ ಮೈ ಕೆಳಕ್ಕಿಳಿದು, ಬಾಲ ಸುರುಳಿಯಾಗಿ ಮೇಲಕ್ಕೆದ್ದು, ತುದಿಯಲ್ಲಿ ಎರಡು ನಕ್ಷತ್ರಗಳು ಒತ್ತೊತ್ತಾಗಿ ನಿಲ್ಲುತ್ತವೆ. ಅದೇ ಕೊಂಡಿ, ನಮ್ಮವರು ಕರೆದ ಮೂಲಾ.

ಇಡೀ ಚೇಳು ಹೀಗೆ ಕಣ್ಣಿಗೆ ಬೀಳುವುದು ನಾವಿರುವ ಅಕ್ಷಾಂಶದ ಭಾಗ್ಯ. ಬೆಂಗಳೂರಿನಲ್ಲಿ ಜ್ಯೇಷ್ಠಾ ನೆತ್ತಿಯ ಕಡೆಗೆ ಅರ್ಧ ದಾರಿಗಿಂತ ತುಸು ಹೆಚ್ಚು, ಸುಮಾರು 50 ಡಿಗ್ರಿ, ಮೇಲೇರುತ್ತದೆ. ಲಂಡನ್ನಿನಲ್ಲಿ ಅದೇ ನಕ್ಷತ್ರ 12 ಡಿಗ್ರಿ ದಾಟುವುದಿಲ್ಲ. ಕೊಂಡಿಯಂತೂ ದಿಗಂತ ಬಿಟ್ಟು ಮೇಲೆ ಬರುವುದೇ ಅಪರೂಪ. ನಮಗಿರುವ ತೊಂದರೆ ಒಂದೇ. ಚೇಳು ಸಂಜೆಯಲ್ಲೇ ದಕ್ಷಿಣದಲ್ಲಿ ಎತ್ತರಕ್ಕೆ ನಿಲ್ಲುವ ಜುಲೈ, ಆಗಸ್ಟ್‌ನಲ್ಲಿ ಮುಂಗಾರಿನ ಮೋಡ ಅದನ್ನು ಮುಚ್ಚಿಬಿಡುತ್ತದೆ. ಹಾಗಾಗಿ ಬೇಸಿಗೆ ರಜೆಯೇ ಸರಿಯಾದ ಕಾಲ. ಮಕ್ಕಳನ್ನೂ ಎಬ್ಬಿಸಿ ಕರೆದುಕೊಂಡು ಬರಬಹುದು.

ಜ್ಯೇಷ್ಠೆಯ ವಿಚಾರ ತುಸು ವಿವರವಾಗಿ ಹೇಳಬೇಕು. ಪಾಶ್ಚಾತ್ಯರು ಅದನ್ನು ಆಂಟಾರೆಸ್ ಎನ್ನುತ್ತಾರೆ, ಮಂಗಳ ಗ್ರಹದ ಎದುರಾಳಿ ಎಂಬರ್ಥದಲ್ಲಿ. ಮಂಗಳ ಅದರ ಪಕ್ಕ ಹಾದುಹೋಗುವ ದಿನಗಳಲ್ಲಿ ಎರಡರಲ್ಲಿ ಯಾವುದು ಗ್ರಹ, ಯಾವುದು ನಕ್ಷತ್ರ ಎಂದು ಹೊಸಬರಿಗೆ ಗೊಂದಲವಾಗುವಷ್ಟು ಬಣ್ಣ ಹೊಂದುತ್ತದೆ. ಅದು ಕೆಂಪು ಅತಿದೈತ್ಯ. ವ್ಯಾಸ ಸೂರ್ಯನದಕ್ಕಿಂತ ಸುಮಾರು 700 ಪಟ್ಟು. ಸೂರ್ಯನ ಜಾಗದಲ್ಲಿ ತಂದು ಕೂರಿಸಿದರೆ ಬುಧ, ಶುಕ್ರ, ಭೂಮಿ, ಮಂಗಳ ನಾಲ್ಕೂ ಅದರ ಹೊಟ್ಟೆಯೊಳಗೇ ಇರುತ್ತವೆ. ಇಷ್ಟು ಉಬ್ಬಿದ್ದರಿಂದಲೇ ಮೇಲ್ಮೈ ತಣಿದು ಕೆಂಪಾಗಿದೆ. ಒಡಲಿನ ಇಂಧನ ಮುಗಿಯುತ್ತ ಬಂದ ಮುದಿ ನಕ್ಷತ್ರ ಅದು. ಮುಂದೊಂದು ದಿನ ಸೂಪರ್‌ನೋವಾ ಆಗಿ ಸಿಡಿಯುತ್ತದೆ. ದೂರ ಸುಮಾರು 550 ಜ್ಯೋತಿರ್ವರ್ಷ. ಎಂದರೆ ಈಗ ನಮ್ಮ ಕಣ್ಣಿಗೆ ಬೀಳುವ ಕೆಂಪು ಬೆಳಕು ಅಲ್ಲಿಂದ ಹೊರಟದ್ದು ಹಂಪಿಯಲ್ಲಿ ವಿಜಯನಗರದ ಅರಸರು ಆಳುತ್ತಿದ್ದ ಕಾಲದಲ್ಲಿ.

ಜ್ಯೇಷ್ಠೆಗೊಂದು ಜೊತೆಗಾರ ನಕ್ಷತ್ರವಿದೆ, ನೀಲಿ ಛಾಯೆಯದು. ದೊಡ್ಡದರ ಪ್ರಖರತೆಯಲ್ಲಿ ಅದು ಮುಳುಗಿಹೋಗಿರುತ್ತದೆ. ಅದು ಸಿಕ್ಕಿದ ಬಗೆಯೇ ಚೆಂದ. 1819ರ ಏಪ್ರಿಲ್‌ನಲ್ಲಿ ಚಂದ್ರ ಜ್ಯೇಷ್ಠೆಯನ್ನು ಮರೆಮಾಡಿದಾಗ ವಿಯೆನ್ನಾದ ಖಗೋಳಜ್ಞ ಯೋಹಾನ್ ಬ್ಯೂರ್ಗ್ ದೂರದರ್ಶಕಕ್ಕೆ ಕಣ್ಣಿಟ್ಟು ಕೂತಿದ್ದ. ಚಂದ್ರನ ಅಂಚಿನಿಂದ ಮೊದಲು ಹೊರಬಂದದ್ದು ಮಂಕಾದ ಒಂದು ಚುಕ್ಕೆ. ಕೆಲವು ಕ್ಷಣಗಳ ನಂತರ ಜ್ಯೇಷ್ಠಾ ಝಗ್ಗನೆ ಕಾಣಿಸಿತು. ಪಂಚಾಂಗದಲ್ಲಿ ‘ಚಂದ್ರ ಜ್ಯೇಷ್ಠಾ ನಕ್ಷತ್ರದಲ್ಲಿ’ ಎಂದು ಬರೆಯುವ ದಿನಗಳ ಆಸುಪಾಸಿನಲ್ಲೇ ಇಂಥ ಸಮಾಗಮ ನಡೆಯುವುದು. ನಮ್ಮ ಹಿರಿಯರು ತಿಂಗಳು ತಿಂಗಳೂ ಗುರುತು ಹಾಕಿಟ್ಟ ಆ ದಿನ ಮತ್ತು ವಿಯೆನ್ನಾದ ಆ ರಾತ್ರಿ ಒಂದೇ ಆಕಾಶದ ಲೆಕ್ಕಕ್ಕೆ ಸೇರಿದವು.

ಗ್ರೀಕರ ಕಥೆಯಲ್ಲಿ ಈ ಚೇಳು ಬೇಟೆಗಾರ ಓರಿಯನ್‌ನ ಸಾವು. ಭೂಮಿಯ ಮೇಲಿನ ಎಲ್ಲ ಪ್ರಾಣಿಗಳನ್ನೂ ಕೊಲ್ಲಬಲ್ಲೆನೆಂದು ಅವನು ಕೊಚ್ಚಿಕೊಂಡ. ಭೂದೇವಿ ಗಾಯಾ ಚೇಳನ್ನು ಕಳುಹಿಸಿ ಕುಟುಕಿಸಿದಳು. ಇಬ್ಬರನ್ನೂ ಬಾನಿಗೇರಿಸಿದಾಗ ಎದುರುಬದುರಾಗದಂತೆ ಇಟ್ಟರು. ಕಥೆ ಹುಟ್ಟಿದ್ದು ಕಣ್ಣಿಗೆ ಕಂಡದ್ದರಿಂದ: ಚೇಳು ಪೂರ್ವದಲ್ಲಿ ತಲೆಯೆತ್ತುವಾಗ ನಾವು ಮಹಾವ್ಯಾಧ ಎನ್ನುವ ಅದೇ ಓರಿಯನ್ ಪಶ್ಚಿಮದಲ್ಲಿ ಮುಳುಗುತ್ತಾನೆ. ಗ್ರೀಕರಿಗೆ ಈ ಚಿತ್ರ ಬಂದದ್ದು ಬ್ಯಾಬಿಲೋನಿನಿಂದ. ಆಗ ಚೇಳು ಇನ್ನೂ ದೊಡ್ಡದಿತ್ತು. ಈಗ ತುಲಾ ರಾಶಿ ಎನ್ನುವ ನಕ್ಷತ್ರಗಳನ್ನು ಗ್ರೀಕರು ಚೇಳಿನ ಇಕ್ಕಳಗಳೆಂದೇ ಎಣಿಸುತ್ತಿದ್ದರು. ಪೆಸಿಫಿಕ್‌ನ ಹವಾಯಿಯವರಿಗೆ ಇದೇ ಸುರುಳಿ ಮಾವಿ ಎಂಬ ವೀರನ ಮೀನಿನ ಗಾಳ.

ನಮ್ಮಲ್ಲಿ ಚೇಳಿನ ಚಿತ್ರಕ್ಕಿಂತ ಮೊದಲು ಬಂದದ್ದು ಅದರ ಮೈಮೇಲಿನ ನಕ್ಷತ್ರಗಳು. ವೇದಗಳ ಪಟ್ಟಿಯಲ್ಲಿ ನಕ್ಷತ್ರಗಳಿವೆ, ಹನ್ನೆರಡು ರಾಶಿಗಳಿಲ್ಲ. ಅನುರಾಧೆಗೆ ಮಿತ್ರ, ಜ್ಯೇಷ್ಠೆಗೆ ಇಂದ್ರ, ಮೂಲಾಕ್ಕೆ ನಿರ್‌ಋತಿ ದೇವತೆಗಳು. ತೈತ್ತಿರೀಯ ಸಂಹಿತೆಯ ಪಟ್ಟಿಯಲ್ಲಂತೂ ಒಂದು ವಿಶೇಷವಿದೆ: ರೋಹಿಣಿ ಎಂಬ ಹೆಸರು ಅಲ್ಲಿ ಎರಡು ಸಲ ಬರುತ್ತದೆ. ಒಂದು ವೃಷಭದ ರೋಹಿಣಿ, ಇನ್ನೊಂದು ಇಂದ್ರನ ನಕ್ಷತ್ರವಾದ ನಮ್ಮ ಈ ಜ್ಯೇಷ್ಠಾ. ಎರಡೂ ಕೆಂಪು ತಾರೆಗಳು. ಆಕಾಶದಲ್ಲಿ ಹೆಚ್ಚು ಕಡಿಮೆ ಸರಿಯಾಗಿ ಎದುರುಬದುರು ಇರುವಂಥವು. ಈಗ ಒಂದನ್ನು ಕೃಷ್ಣ ಹುಟ್ಟಿದ ನಕ್ಷತ್ರವೆಂದು ಕೊಂಡಾಡುತ್ತೇವೆ, ಮತ್ತೊಂದರ ಹೆಸರು ಕೇಳಿದರೆ ಹೆಣ್ಣು ಹೆತ್ತವರ ಮುಖ ಬಾಡುತ್ತದೆ.

ಜ್ಯೋತಿಷ್ಯದ ವೃಶ್ಚಿಕಕ್ಕೂ ಬಾನಿನ ಚೇಳಿಗೂ ಇರುವ ಅಂತರವನ್ನು ಇಲ್ಲೇ ಹೇಳಿಬಿಡಬೇಕು. ಜ್ಯೋತಿಷ್ಯ ಸೂರ್ಯನ ದಾರಿಯನ್ನು 30 ಡಿಗ್ರಿಯ ಹನ್ನೆರಡು ಸಮಪಾಲು ಮಾಡಿದೆ. ವಿಶಾಖದ ಕೊನೆಯ ಪಾದ, ಅನುರಾಧಾ ನಾಲ್ಕು, ಜ್ಯೇಷ್ಠಾ ನಾಲ್ಕು, ಒಟ್ಟು ಒಂಬತ್ತು ಪಾದ ಸೇರಿದರೆ ವೃಶ್ಚಿಕ. ಕುಜ ಅದರ ಅಧಿಪತಿ, ಚಂದ್ರನಿಗೆ ನೀಚಸ್ಥಾನ. ನಾ, ನೀ, ನೂ, ನೇ ಎಂದು ನಾಮಕರಣಕ್ಕೆ ಅಕ್ಷರ ಕೊಡುವುದೂ ಈ ಪಾದಗಳ ಲೆಕ್ಕದಲ್ಲೇ. ನವೆಂಬರ್ 16ರ ಆಸುಪಾಸಿನಲ್ಲಿ ವೃಶ್ಚಿಕ ಸಂಕ್ರಮಣ. ಅಯ್ಯಪ್ಪನ ಮಾಲೆ ಹಾಕಿದವರಿಗೆ ಇದು ಚೆನ್ನಾಗಿ ಗೊತ್ತು, ಶಬರಿಮಲೆಯ ಮಂಡಲ ವ್ರತ ಶುರುವಾಗುವುದು ಆಗಲೇ. ಪಾಶ್ಚಾತ್ಯ ಜ್ಯೋತಿಷ್ಯದಲ್ಲಿ ಸೂರ್ಯ ಅಕ್ಟೋಬರ್ ಕೊನೆಯ ವಾರಕ್ಕೂ ಮೊದಲೇ ವೃಶ್ಚಿಕಕ್ಕೆ ಬಂದುಬಿಟ್ಟಿರುತ್ತಾನೆ. ಭೂಮಿಯ ಅಕ್ಷ ಸುಮಾರು 25,800 ವರ್ಷಕ್ಕೊಮ್ಮೆ ಬುಗುರಿಯಂತೆ ಸುತ್ತು ಹಾಕುವುದರಿಂದ ಎರಡು ಲೆಕ್ಕಗಳ ನಡುವೆ ಈಗ 24 ಡಿಗ್ರಿಯಷ್ಟು ಅಯನಾಂಶ ಬೆಳೆದಿದೆ. ಖಗೋಳಶಾಸ್ತ್ರದ ಲೆಕ್ಕ ಮೂರನೆಯದು. ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಒಪ್ಪಿ 1930ರಲ್ಲಿ ಪ್ರಕಟವಾದ ಗಡಿಗಳ ಪ್ರಕಾರ ಸೂರ್ಯ ವೃಶ್ಚಿಕದಲ್ಲಿರುವುದು ನವೆಂಬರ್ ಕೊನೆಯ ಒಂದು ವಾರ ಮಾತ್ರ. ಅಲ್ಲಿಂದ ಉರಗಧರ ಎಂಬ, ಯಾವ ಜಾತಕದಲ್ಲೂ ಇಲ್ಲದ ಪುಂಜಕ್ಕೆ ದಾಟಿ, ಎರಡೂವರೆ ವಾರ ಅಲ್ಲಿರುತ್ತಾನೆ. ಇನ್ನು ಚೇಳಿನ ಕೊಂಡಿಯಾದ ಮೂಲಾ ನಕ್ಷತ್ರ ಜ್ಯೋತಿಷ್ಯದಲ್ಲಿ ಧನು ರಾಶಿಗೆ ಸೇರಿದೆ.

ಲೆಕ್ಕಗಳು ಬೇರೆಬೇರೆ ಇರುವುದರಿಂದ ಯಾರಿಗೂ ನಷ್ಟವಿಲ್ಲ. ಸಂಕ್ರಮಣಕ್ಕೆ ಸ್ನಾನ ಮಾಡುವವರು ಮಾಡಲಿ. ಶೃಂಗೇರಿಯ ವಿದ್ಯಾಶಂಕರ ದೇವಾಲಯದಲ್ಲಿ ಹನ್ನೆರಡು ರಾಶಿಗಳನ್ನು ಕೆತ್ತಿದ ಕಂಬಗಳಿವೆ. ಆಯಾ ತಿಂಗಳು ಆಯಾ ಕಂಬದ ಮೇಲೆ ಎಳೆಬಿಸಿಲು ಬೀಳುತ್ತದೆಂದು ಹೇಳುತ್ತಾರೆ. ರಾಶಿಯ ಕಲ್ಪನೆ ಇಂಥ ಶಿಲ್ಪವನ್ನೂ ಕೊಟ್ಟಿದೆ. ನನ್ನ ಸಂಕಟ ಇರುವುದು ಹೆಣ್ಣು ನೋಡುವ ಹೊತ್ತಿನಲ್ಲಿ ನಡೆಯುವ ಮಾತಿನ ಬಗ್ಗೆ.

ಮೂಲಾ ಆದರೆ ಮಾವನಿಗೆ ಆಗದು, ಆಶ್ಲೇಷಾ ಆದರೆ ಅತ್ತೆಗೆ, ಜ್ಯೇಷ್ಠಾ ಆದರೆ ಬಾವನಿಗೆ, ವಿಶಾಖಾ ಆದರೆ ಮೈದುನನಿಗೆ. ಕರ್ನಾಟಕದ ಎಷ್ಟೋ ಮನೆಗಳಲ್ಲಿ ಈ ಸಾಲು ಬಾಯಿಪಾಠ. ನಾಲ್ಕರಲ್ಲಿ ಮೂರು ನಕ್ಷತ್ರಗಳು ಚೇಳಿನ ಮೈಮೇಲೆ, ಇಲ್ಲವೇ ಅದರ ಹಳೆಯ ಇಕ್ಕಳದ ಮೇಲೆ ಇವೆ. ಹುಡುಗಿ ಓದಿದ್ದಾಳೆ, ಕೆಲಸದಲ್ಲಿದ್ದಾಳೆ, ಎರಡೂ ಕಡೆಯವರಿಗೆ ಮನಸ್ಸಿದೆ. ಜಾತಕದ ಹಾಳೆ ಬಿಡಿಸಿದೊಡನೆ ‘ಮನೆಯಲ್ಲಿ ವಿಚಾರಿಸಿ ಹೇಳ್ತೀವಿ’ ಎಂದು ಎದ್ದುಹೋಗುತ್ತಾರೆ. ಮಾವ ಇಲ್ಲದ ಮನೆಯನ್ನು, ಅಣ್ಣನಿಲ್ಲದ ಗಂಡನ್ನು ಹುಡುಕುತ್ತ ಹೆತ್ತವರು ಸವೆಯುತ್ತಾರೆ. ಹುಟ್ಟಿದ ಗಳಿಗೆಯನ್ನೇ ತುಸು ಸರಿಸಿ ಬೇರೆ ಜಾತಕ ಬರೆಸುವವರೂ ಇದ್ದಾರೆ. ಆ ಮನೆಯಲ್ಲಿ ಬೆಳೆಯುವ ಹೆಣ್ಣುಮಗಳು ತನ್ನಿಂದ ಯಾರಿಗೋ ಸಾವು ಬರುತ್ತದೆಂಬ ಮಾತನ್ನು ಚಿಕ್ಕಂದಿನಿಂದ ಕೇಳಿಸಿಕೊಳ್ಳುತ್ತಾಳೆ. ಇದಕ್ಕಿಂತ ಕ್ರೂರವಾದ ಮಾತನ್ನು ಒಂದು ಮಗುವಿಗೆ ಹೇಳುವುದು ಕಷ್ಟ.

ಶಾಸ್ತ್ರದ ಮಾತನ್ನೇ ಹಿಡಿಯುವವರಿಗೂ ಹೇಳಬೇಕಾದ್ದಿದೆ. ಈ ಸಾಲಿಗೆ ಆಧಾರವೆಂದು ತೋರಿಸುವ ‘ಮುಹೂರ್ತಚಿಂತಾಮಣಿ’ ಮೂಲಾ, ಆಶ್ಲೇಷಾಗಳ ವಿಷಯದಲ್ಲಿ ಗಂಡನ್ನೂ ಹೆಣ್ಣನ್ನೂ ಒಟ್ಟಿಗೇ ಹೇಳುತ್ತದೆ. ಕೆಲವು ಪಾದಗಳಿಗೆ ದೋಷವಿಲ್ಲವೆಂದು ವಿನಾಯಿತಿಯನ್ನೂ ಕೊಡುತ್ತದೆ. ವಾಡಿಕೆಯಲ್ಲಿ ಗಂಡು ಬಿಟ್ಟುಹೋದ, ವಿನಾಯಿತಿಯೂ ಬಿಟ್ಟುಹೋಯಿತು. ಹೆಣ್ಣು ಮಾತ್ರ ಉಳಿದಳು. ಇನ್ನೂ ಹಿಂದಕ್ಕೆ ಹೋದರೆ ಅಥರ್ವವೇದ ಸಿಗುತ್ತದೆ. ಈ ನಕ್ಷತ್ರಗಳ ಭಯ ಅಲ್ಲೂ ಇದೆ, ಸುಳ್ಳಲ್ಲ. ಆದರೆ ಅಲ್ಲಿನ ಋಷಿ ಈ ಗಳಿಗೆಯಲ್ಲಿ ಹುಟ್ಟಿದ ಕೂಸನ್ನು ಕಾಪಾಡು ಎಂದು ಬೇಡುತ್ತಾನೆ, ಕೂಸನ್ನು ದೂರ ಇಡಿ ಎನ್ನುವುದಿಲ್ಲ. ಕೊಂಡಿಯ ಆ ಜೋಡಿ ನಕ್ಷತ್ರಗಳನ್ನೇ ರೋಗದ ಬಂಧ ಬಿಡಿಸಿರೆಂದು ಪ್ರಾರ್ಥಿಸಿದ್ದೂ ಅದೇ ವೇದದಲ್ಲಿದೆ. ನವರಾತ್ರಿಯಲ್ಲಿ ಸರಸ್ವತಿಯನ್ನು ಆವಾಹನೆ ಮಾಡಿ ಪುಸ್ತಕಗಳನ್ನು ಪೂಜೆಗಿಡುವುದು ಯಾವ ನಕ್ಷತ್ರದಲ್ಲಿ? ಮೂಲಾದಲ್ಲೇ. ದೇವಿ ಮನೆಗೆ ಬರುವುದಕ್ಕೆ ಒಳ್ಳೆಯದಾದ ನಕ್ಷತ್ರ ಸೊಸೆ ಬರುವುದಕ್ಕೆ ಕೆಟ್ಟದ್ದು ಹೇಗಾಗುತ್ತದೆ?

ಚಂದ್ರ ಒಂದೊಂದು ನಕ್ಷತ್ರದಲ್ಲಿ ಸುಮಾರು ಒಂದು ದಿನ ಇರುತ್ತಾನೆ. ಆದ್ದರಿಂದ ಸರಾಸರಿ 27 ಜನರಲ್ಲಿ ಒಬ್ಬರು ಮೂಲಾದವರು, ಒಬ್ಬರು ಜ್ಯೇಷ್ಠೆಯವರು. ಆ ನಾಲ್ಕನ್ನೂ ಕೂಡಿದರೆ ಏಳು ಹೆಣ್ಣುಮಕ್ಕಳಲ್ಲಿ ಒಬ್ಬಳು. ಪ್ರತಿ ಬೀದಿಯಲ್ಲೂ ಇಂಥ ಸೊಸೆಯಂದಿರಿದ್ದಾರೆ, ಅವರ ಅತ್ತೆ ಮಾವಂದಿರು ಮೊಮ್ಮಕ್ಕಳನ್ನು ಆಡಿಸುತ್ತಿದ್ದಾರೆ. ಸುತ್ತ ಕಣ್ಣಾಡಿಸಿದರೆ ಯಾರಿಗಾದರೂ ಗೊತ್ತಾಗುವ ಸಂಗತಿ ಇದು.

ನಿಜವಾಗಿ ಆ ದಿಕ್ಕಿನಲ್ಲಿ ಏನಿದೆ ಎಂದು ನೋಡಿದರೆ ಭಯದ ಜಾಗದಲ್ಲಿ ಬೆರಗು ಹುಟ್ಟಬೇಕು. ಕೊಂಡಿಯಿಂದ ತುಸು ಈಶಾನ್ಯಕ್ಕೆ, ಸುಮಾರು 26,000 ಜ್ಯೋತಿರ್ವರ್ಷ ಆಚೆ, ನಮ್ಮ ಆಕಾಶಗಂಗೆಯ ಕೇಂದ್ರವಿದೆ. ಅಲ್ಲಿರುವ ಭಾರಿ ಕಪ್ಪು ಕುಳಿಯ ಚಿತ್ರ 2022ರಲ್ಲಿ ಹೊರಬಂತು. 1962ರ ಜೂನ್‌ನಲ್ಲಿ ರಿಕಾರ್ಡೊ ಜಕೋನಿಯವರ ತಂಡ ಹಾರಿಸಿದ ರಾಕೆಟ್ ಸೌರವ್ಯೂಹದ ಹೊರಗಿನ ಮೊದಲ ಎಕ್ಸ್‌-ಕಿರಣ ಆಕರವನ್ನು ಕಂಡದ್ದು ವೃಶ್ಚಿಕದಲ್ಲಿ. ಸ್ಕಾರ್ಪಿಯಸ್ ಎಕ್ಸ್‌-1 ಎಂಬ ಆ ನ್ಯೂಟ್ರಾನ್ ನಕ್ಷತ್ರವನ್ನು ಇಸ್ರೋದ ಆಸ್ಟ್ರೋಸ್ಯಾಟ್ ಕೂಡ ಅಧ್ಯಯನ ಮಾಡಿದೆ. ಜಕೋನಿಯವರಿಗೆ 2002ರಲ್ಲಿ ನೊಬೆಲ್ ಬಂತು. ಬರಿಗಣ್ಣಿನವರಿಗೂ ಪಾಲು ಉಂಟು. 2000ನೇ ಇಸವಿಯಲ್ಲಿ ಅರ್ಜೆಂಟೀನಾದ ಹವ್ಯಾಸಿ ವೀಕ್ಷಕ ಸೆಬಾಸ್ಟಿಯನ್ ಓಟೆರೊ, ಅನುರಾಧೆಯ ನಡುವಿನ ನಕ್ಷತ್ರ ಎಂದಿಗಿಂತ ಹೆಚ್ಚು ಹೊಳೆಯುತ್ತಿರುವುದನ್ನು ಗುರುತಿಸಿದರು. ವೇಗವಾಗಿ ತಿರುಗುವ ಆ ನಕ್ಷತ್ರ ತನ್ನ ಸುತ್ತ ಅನಿಲದ ತಟ್ಟೆಯನ್ನು ಚೆಲ್ಲಿಕೊಂಡಿತ್ತು. ನಿತ್ಯ ನೋಡುವ ಕಣ್ಣಿಗೆ ಮಾತ್ರ ಸಿಗುವ ಫಲ ಅದು.

ಈ ಬೇಸಿಗೆಯಲ್ಲಿ ಒಂದು ರಾತ್ರಿ ಬಿಡುವು ಮಾಡಿಕೊಳ್ಳಿ. ಮನೆಯಲ್ಲಿ ಜ್ಯೇಷ್ಠಾ ನಕ್ಷತ್ರದವಳೋ ಮೂಲಾದವಳೋ ಒಬ್ಬ ಮಗಳಿದ್ದರೆ ಅವಳನ್ನು ಜೊತೆಗೆ ಕರೆದುಕೊಂಡು ಹೋಗಿ ಅವಳ ನಕ್ಷತ್ರವನ್ನು ತೋರಿಸಿ, ಅದರ ಕಥೆ ಹೇಳಿ. ಮಗನಿಗೆ ಹೆಣ್ಣು ನೋಡುತ್ತಿದ್ದರೆ ಹುಡುಗಿಯ ಓದು, ಕೆಲಸ, ಸ್ವಭಾವ, ಇಷ್ಟಾನಿಷ್ಟ ಎಲ್ಲವನ್ನೂ ಕೇಳಿ. ನಕ್ಷತ್ರದ ನೆಪ ಹೇಳಿ ಮಾತ್ರ ಅವಳನ್ನು ಬಿಡಬೇಡಿ.