ತೆಂಗಿನ ನಾಡಿನಲ್ಲಿ ಕೊಲೆಸ್ಟರಾಲ್: ಅಡುಗೆಮನೆಯಲ್ಲೇ ಇದೆ ಅರ್ಧ ಮದ್ದು

"ಕೊಲೆಸ್ಟರಾಲ್ ಸ್ವಲ್ಪ ಜಾಸ್ತಿ ಇದೆಯಂತೆ." ನಮ್ಮ ಧರ್ಮಕೇಂದ್ರಗಳ ಮನೆಮನೆಗಳಲ್ಲಿ ಇಂದು ಸಾಮಾನ್ಯವಾಗಿ ಕೇಳಿಬರುವ ಮಾತಿದು. ಹೇಳುವವರಲ್ಲಿ ಅಷ್ಟೇನೂ ಆತಂಕ ಕಾಣುವುದಿಲ್ಲ. ಏಕೆಂದರೆ ಇದಕ್ಕೆ ನೋವಿಲ್ಲ, ಜ್ವರವಿಲ್ಲ. ವರ್ಷಗಟ್ಟಲೆ ಸದ್ದಿಲ್ಲದೆ ರಕ್ತನಾಳಗಳ ಒಳಗೋಡೆಯಲ್ಲಿ ಶೇಖರವಾಗಿ, ಒಂದು ದಿನ ಹೃದಯಾಘಾತವಾಗಿಯೋ ಪಾರ್ಶ್ವವಾಯುವಾಗಿಯೋ ಅದು ಎದುರು ನಿಲ್ಲುತ್ತದೆ.

ಗಡಿನಾಡಿನ ನಮಗೆ ಇದು ಇನ್ನಷ್ಟು ಗಂಭೀರ ವಿಷಯ. ಎದೆನೋವು ಬಂದರೆ ಮಂಜೇಶ್ವರ, ಕುಂಬಳೆ, ಕಾಸರಗೋಡಿನ ಜನ ಮೊದಲು ನೆನೆಯುವುದು ಮಂಗಳೂರಿನ ಆಸ್ಪತ್ರೆಗಳನ್ನು. 2020ರ ಮಾರ್ಚ್‌ನಲ್ಲಿ ಕೊರೊನಾ ಕಾರಣದಿಂದ ತಲಪಾಡಿ ಗಡಿ ಮುಚ್ಚಿದಾಗ ಏನಾಯಿತೆಂದು ನಾವು ಮರೆತಿಲ್ಲ. ಸಕಾಲಕ್ಕೆ ಆಸ್ಪತ್ರೆ ಸೇರಲಾಗದೆ ಹಲವರು ಪ್ರಾಣ ಕಳೆದುಕೊಂಡರು. ವಿಷಯ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ಆಸ್ಪತ್ರೆ ದೂರವಿದ್ದವರಿಗೆ ರೋಗ ಬಾರದಂತೆ ನೋಡಿಕೊಳ್ಳುವುದೇ ಮೊದಲ ಚಿಕಿತ್ಸೆ.

ಕೊಲೆಸ್ಟರಾಲ್ ಎಂದರೇನು?

ಕೊಲೆಸ್ಟರಾಲ್ ವಿಷವಲ್ಲ. ಜೀವಕೋಶಗಳ ಹೊದಿಕೆಗೂ ಹಾರ್ಮೋನುಗಳಿಗೂ ಪಿತ್ತರಸಕ್ಕೂ ಅದು ಬೇಕು. ಹೆಚ್ಚಿನ ಪಾಲನ್ನು ನಮ್ಮ ದೇಹವೇ ತಯಾರಿಸಿಕೊಳ್ಳುತ್ತದೆ. ಅದನ್ನು ರಕ್ತದಲ್ಲಿ ಹೊತ್ತೊಯ್ಯುವ ಕಣಗಳಲ್ಲಿ ಎಲ್‌ಡಿಎಲ್ ಹೆಚ್ಚಾದರೆ ರಕ್ತನಾಳ ಕಟ್ಟಿಕೊಳ್ಳುತ್ತದೆ. ಯಕೃತ್ತು ಈ ಎಲ್‌ಡಿಎಲ್ ಅನ್ನು ರಕ್ತದಿಂದ ಹಿಂದಕ್ಕೆ ಎಳೆದುಕೊಳ್ಳುತ್ತಿರುತ್ತದೆ. ನಾವು ತಿನ್ನುವ ಪರ್ಯಾಪ್ತ ಕೊಬ್ಬು ಈ ಕೆಲಸವನ್ನು ನಿಧಾನಗೊಳಿಸುತ್ತದೆ. ಆದ್ದರಿಂದ ಬಹುತೇಕ ಜನರಿಗೆ ಮೊಟ್ಟೆಯ ಹಳದಿಗಿಂತ ಹೆಚ್ಚು ತೊಂದರೆ ಕೊಡುವುದು ಹಂದಿಮಾಂಸದ ಕೊಬ್ಬು, ಬೆಣ್ಣೆ, ತುಪ್ಪ ಮತ್ತು ಕರಿದ ತಿಂಡಿ.

ತೆಂಗು ಮಿತ್ರನೋ ಶತ್ರುವೋ?

ಇಲ್ಲಿ ನಮ್ಮ ಕಲ್ಪವೃಕ್ಷದ ಮಾತು ಬರುತ್ತದೆ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರ ಆರಂಭವಾದದ್ದು ನಮ್ಮ ಕಾಸರಗೋಡಿನಲ್ಲೇ. 1970ರಲ್ಲಿ ಅದು ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯಾಯಿತು. ಮದುವೆಯ ಮುನ್ನಾದಿನದ ರೋಸ್‌ನಲ್ಲಿ ವಧೂವರರಿಗೆ ತೆಂಗಿನ ಹಾಲು ಹಚ್ಚುವ ಜನ ನಾವು. ತೆಂಗು ಬಿಡಿ ಎಂದರೆ ಯಾರು ಕೇಳುತ್ತಾರೆ?

ಆದರೂ ಸತ್ಯ ಹೇಳಲೇಬೇಕು. ತೆಂಗಿನೆಣ್ಣೆಯ ಕೊಬ್ಬಿನಲ್ಲಿ ಶೇ. 80ಕ್ಕಿಂತ ಹೆಚ್ಚು ಪರ್ಯಾಪ್ತ ಕೊಬ್ಬು. 16 ಪ್ರಯೋಗಗಳನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಸೂರ್ಯಕಾಂತಿಯಂಥ ಎಣ್ಣೆಗಳಿಗೆ ಹೋಲಿಸಿದರೆ ತೆಂಗಿನೆಣ್ಣೆ ಎಲ್‌ಡಿಎಲ್ ಅನ್ನು ಸುಮಾರು 10 ಮಿಲಿಗ್ರಾಂನಷ್ಟು ಏರಿಸುತ್ತದೆ. ಇನ್ನೊಂದು ಕಡೆ, ಕೊಚ್ಚಿಯಲ್ಲಿ 200 ಹೃದ್ರೋಗಿಗಳ ಮೇಲೆ 2 ವರ್ಷ ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೆಂಗಿನೆಣ್ಣೆಗೂ ಸೂರ್ಯಕಾಂತಿ ಎಣ್ಣೆಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಆದರೆ ಅವರೆಲ್ಲರೂ ವೈದ್ಯರ ಚಿಕಿತ್ಸೆಯಲ್ಲಿದ್ದವರು, ಎಣ್ಣೆಯ ಬಳಕೆಯೂ ಮಿತಿಯಲ್ಲಿತ್ತು ಎಂಬುದನ್ನು ನೆನಪಿಡಬೇಕು.

"ನಮ್ಮ ಅಜ್ಜ ತೆಂಗು ತಿಂದೇ ತೊಂಬತ್ತು ವರ್ಷ ಬದುಕಿದರಲ್ಲ?" ಎಂದು ಕೇಳುವವರಿದ್ದಾರೆ. ನಿಜ. ಆದರೆ ಅಜ್ಜ ಗದ್ದೆ ಉತ್ತರು, ತೋಟಕ್ಕೆ ನೀರು ಹೊತ್ತರು, ಪೇಟೆಗೆ ನಡೆದೇ ಹೋದರು. ಹಂದಿಮಾಂಸ ಹಬ್ಬಕ್ಕೆ ಮಾತ್ರ. ಶಾಂತಸಾಗರದ ಟೊಕೆಲಾವ್, ಪುಕಾಪುಕಾ ದ್ವೀಪಗಳಲ್ಲೂ ಜನ ತೆಂಗನ್ನೇ ಹೆಚ್ಚಾಗಿ ತಿನ್ನುತ್ತಿದ್ದರು, ಹೃದ್ರೋಗ ವಿರಳವಾಗಿತ್ತು. ಅವರದು ಮೀನು, ಗೆಡ್ಡೆ, ಕಾಯಿಗಳ ಊಟ. ನಮ್ಮ ತಟ್ಟೆಯಲ್ಲೋ ತೆಂಗಿನ ಜೊತೆಗೆ ಬೇಕರಿಯ ಪಫ್ಸ್, ಕರಿದ ಕೋಳಿ, ವಾರಕ್ಕೊಂದು ಸಮಾರಂಭ. ನಾವು ಅಜ್ಜನ ತೆಂಗನ್ನು ಉಳಿಸಿಕೊಂಡೆವು, ಅಜ್ಜನ ಬೆವರನ್ನು ಬಿಟ್ಟೆವು.

ನಮ್ಮ ಅಡುಗೆಮನೆಯಲ್ಲಿ ಏನು ಮಾಡಬಹುದು?

1. ಎಣ್ಣೆಯನ್ನು ಬಾಟಲಿಯಿಂದ ಸುರಿಯದೆ ಚಮಚದಲ್ಲಿ ಅಳೆಯೋಣ. ತಲೆಗೆ ತಿಂಗಳಿಗೆ ಅರ್ಧ ಲೀಟರ್ ಮೀರದಿರಲಿ. ಒಮ್ಮೆ ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವುದು ಬೇಡ.

2. ಹುರುಳಿ, ಹೆಸರು, ಅಲಸಂಡೆ, ಬಸಳೆ, ಬೆಂಡೆ, ನುಗ್ಗೆಸೊಪ್ಪು ದಿನವೂ ಇರಲಿ. ಕಾಳು ಮತ್ತು ತರಕಾರಿಗಳ ಕರಗುವ ನಾರು ಕರುಳಿನಲ್ಲಿ ಪಿತ್ತರಸವನ್ನು ಹಿಡಿದು ಹೊರಹಾಕುತ್ತದೆ. ಹೊಸ ಪಿತ್ತರಸಕ್ಕಾಗಿ ಯಕೃತ್ತು ರಕ್ತದಲ್ಲಿರುವ ಕೊಲೆಸ್ಟರಾಲನ್ನೇ ಬಳಸುತ್ತದೆ.

3. ಬೂತಾಯಿ, ಬಂಗುಡೆ ಬಡವರ ಬಾದಾಮಿ. ಆದರೆ ಎಣ್ಣೆಯಲ್ಲಿ ಮುಳುಗಿಸಿ ಕರಿದರೆ ಲಾಭ ಕಡಿಮೆ. ಸಾರು ಮಾಡೋಣ, ಬಾಳೆಎಲೆಯಲ್ಲಿ ಬೇಯಿಸೋಣ.

4. ಒಂದು ಪದಾರ್ಥಕ್ಕೆ ತೆಂಗು ಅರೆದರೆ ಇನ್ನೊಂದನ್ನು ತೆಂಗಿಲ್ಲದೆ ಮಾಡೋಣ. ಹಂದಿಮಾಂಸವನ್ನು ಹಬ್ಬದ ದಿನಕ್ಕೆ ಮೀಸಲಿಡೋಣ, ಕಾಣುವ ಕೊಬ್ಬನ್ನು ತೆಗೆದು ಬೇಯಿಸೋಣ.

5. ದಿನಕ್ಕೆ ಅರ್ಧ ಗಂಟೆ ಚುರುಕಾಗಿ ನಡೆಯೋಣ. ಬೀಡಿ, ಸಿಗರೇಟು ಬಿಡೋಣ.

ಮಾತ್ರೆ ಬಿಡಬೇಡಿ

ಊಟದಿಂದ ಅರ್ಧ ಮದ್ದು ಮಾತ್ರ. ವೈದ್ಯರು ಮಾತ್ರೆ ಕೊಟ್ಟಿದ್ದರೆ, ಸಂಖ್ಯೆ ಇಳಿಯಿತೆಂದು ಅದನ್ನು ತಾವಾಗಿಯೇ ನಿಲ್ಲಿಸುವುದು ಅಪಾಯ. ಇಳಿದದ್ದೇ ಮಾತ್ರೆಯಿಂದ ಇರಬಹುದು. ಕೆಲವು ಕುಟುಂಬಗಳಲ್ಲಿ ಕೊಲೆಸ್ಟರಾಲ್ ವಂಶಪಾರಂಪರ್ಯವಾಗಿ ಬರುತ್ತದೆ. ಸಣಕಲು ದೇಹದವರಿಗೂ ಬರುತ್ತದೆ. ತಂದೆಗೋ ಅಣ್ಣನಿಗೋ ಚಿಕ್ಕ ಪ್ರಾಯದಲ್ಲೇ ಹೃದಯಾಘಾತವಾಗಿದ್ದರೆ ಉಳಿದವರು ತಡಮಾಡದೆ ರಕ್ತಪರೀಕ್ಷೆ ಮಾಡಿಸಬೇಕು. ರಜೆಗೆ ಊರಿಗೆ ಬರುವ ಗಲ್ಫ್ ಉದ್ಯೋಗಿಗಳಿಗೂ ಈ ಮಾತು ಹೇಳಿರಿ.

ನಮ್ಮ ವಿಶ್ವಾಸದ ದಾರಿ

ಬಾಬಿಲೋನಿನ ಅರಸನ ಭಕ್ಷ್ಯಗಳನ್ನು ನಿರಾಕರಿಸಿದ ದಾನಿಯೇಲ ಮತ್ತು ಗೆಳೆಯರು 10 ದಿನ ಕಾಯಿಪಲ್ಲೆ, ನೀರಿನಲ್ಲೇ ಇದ್ದು ಇತರರಿಗಿಂತ ಪುಷ್ಟರಾಗಿ ಕಂಡರೆಂದು ಪವಿತ್ರ ಗ್ರಂಥ ತಿಳಿಸುತ್ತದೆ. ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನವರ ಜನನೋತ್ಸವದಲ್ಲಿ ಹೊಸ ತೆನೆಯ ಜೊತೆ ಮನೆಮಂದಿಯೆಲ್ಲ ಕೂತು ಉಣ್ಣುವುದು ಶುದ್ಧ ತರಕಾರಿ ಊಟವನ್ನೇ. ತಪಸ್ಸುಕಾಲದ ಶುಕ್ರವಾರಗಳೂ ಮಿತಿಯ ಪಾಠವನ್ನೇ ಕಲಿಸುತ್ತವೆ. ಹಿರಿಯರು ಕೊಟ್ಟ ಈ ಶಿಸ್ತನ್ನು ವಾರಕ್ಕೆ ಎರಡು ದಿನ ಪಾಲಿಸಿದರೂ ಸಾಕು.

ಒಂದು ಕಿವಿಮಾತು. ಅಪ್ಪನಿಗೆ ಮಾತ್ರ ಸಪ್ಪೆ ಪದಾರ್ಥ, ಉಳಿದವರಿಗೆ ಕರಿದದ್ದು ಎಂದು ಬೇರೆ ಬೇರೆ ಪಾತ್ರೆ ಇಡಬೇಡಿ. ಒಬ್ಬಂಟಿಯಾಗಿ ಪಥ್ಯ ಮಾಡುವವರು ಬೇಗ ಸೋಲುತ್ತಾರೆ. ನಮ್ಮ ದೇಹ ಪವಿತ್ರಾತ್ಮರ ಆಲಯವೆಂದು ಸಂತ ಪೌಲರು ಕೊರಿಂಥದವರಿಗೆ ನೆನಪಿಸಿದರು. ಆ ಆಲಯವನ್ನು ಕಾಯುವುದು ಇಡೀ ಕುಟುಂಬದ ಕೆಲಸ. ಈ ಭಾನುವಾರದ ಊಟದಿಂದಲೇ ಆರಂಭಿಸೋಣ.