ಹೊಸ ಬಯೋಸ್ ಅಲ್ಲ, ಸರಿಯಾದ ಬಯೋಸ್

ಕಳೆದ ಸಲ ಸಿರಿಗೇರಿಗೆ ಹೋದಾಗ ತಮ್ಮ ಬಾಗಿಲಲ್ಲೇ ಶುರು ಮಾಡಿದ: “ಅಣ್ಣಾ, ಫ್ಯಾನ್ ತಿರುಗ್ತೈತಿ, ಸ್ಕ್ರೀನ್ ಮಾತ್ರ ಬರವಲ್ದು!” ಸೋಮವಾರ ಬೆಳಿಗ್ಗೆ ಅವನು ಮನೆಯಿಂದಲೇ ಕೆಲಸಕ್ಕೆ ಲಾಗಿನ್ ಆಗಬೇಕು. ರಿಪೇರಿ ಅಂದ್ರೆ ಕ್ರಾಸ್‌ಗೆ ಬಂದು ಬಳ್ಳಾರಿ ಬಸ್ ಹತ್ತಬೇಕು.

ಆಗಿದ್ದಿಷ್ಟೇ. ಹಳೇ ಬಿ450 ಮದರ್‌ಬೋರ್ಡ್‌ಗೆ ಹೊಸದಾಗಿ ರೈಜನ್ 5 5600 ಪ್ರೊಸೆಸರ್ ಹಾಕಿದ್ದ. ಎರಡೂ ಎಎಂ4 ಸಾಕೆಟ್‌ನವೇ, ಸರಿಯಾಗಿ ಕೂತಿತ್ತು ಕೂಡ. ಆದರೆ ಬಿ450 ಬಂದಿದ್ದು 2018ರಲ್ಲಿ, ಈ ಪ್ರೊಸೆಸರ್ 2022ರಲ್ಲಿ. ಬೋರ್ಡ್‌ನಲ್ಲಿದ್ದ ಹಳೇ ಬಯೋಸ್‌ಗೆ ಹೊಸಬನ ಪರಿಚಯವೇ ಇರಲಿಲ್ಲ. ಪವರ್ ಬಟನ್ ಒತ್ತಿದ ಕೂಡಲೇ ವಿಂಡೋಸ್‌ಗಿಂತ ಮೊದಲು ಎದ್ದು ಪ್ರೊಸೆಸರ್, ರ‍್ಯಾಮ್, ಡಿಸ್ಕ್‌ಗಳನ್ನು ಗುರುತಿಸೋದು ಈ ಬಯೋಸೇ.

“ಲೇಟೆಸ್ಟ್ ಹಾಕಿದ್ರಾಯ್ತಲ್ಲ?” ಅಂದ. ಎಡವೋದು ಇಲ್ಲೇ. ಚಿಪ್‌ನಲ್ಲಿ ಜಾಗ ಕಡಿಮೆ ಇರುವ ಕೆಲವು ಬೋರ್ಡ್‌ಗಳಲ್ಲಿ ಹೊಸ ಆವೃತ್ತಿ ಬಂದಾಗ ಹಳೇ ಪ್ರೊಸೆಸರ್‌ಗಳ ಬೆಂಬಲವನ್ನೇ ತೆಗೆದಿದ್ದಾರೆ. ಕೆಲವದರಲ್ಲಿ ಹಿಂದಿನ ಆವೃತ್ತಿಗೆ ಮರಳೋಕೂ ಆಗಲ್ಲ.

ಹಾಗಾದ್ರೆ ಆರಿಸೋದು ಹೇಗೆ?

ಮೊದಲು, ನಿಮ್ಮಲ್ಲಿ ಏನಿದೆ ನೋಡಿ. ವಿಂಡೋಸ್‌ನಲ್ಲಿ ‘ಸಿಸ್ಟಮ್ ಇನ್ಫರ್ಮೇಶನ್’ ತೆರೆದರೆ ಬೋರ್ಡ್‌ನ ಹೆಸರು, ಬಯೋಸ್ ಆವೃತ್ತಿ, ದಿನಾಂಕ ಸಿಗುತ್ತೆ. ಒಂದೇ ಹೆಸರಿನ ಬೋರ್ಡ್‌ಗೆ ಬೇರೆ ಬೇರೆ ರಿವಿಷನ್‌ಗಳಿರಬಹುದು. ಆ ಸಂಖ್ಯೆ ಬೋರ್ಡ್ ಮೇಲೇ ಅಚ್ಚಾಗಿರುತ್ತೆ.

ಎರಡನೇದು, ಬೋರ್ಡ್ ಕಂಪನಿಯ ಸೈಟ್‌ನಲ್ಲಿ ಪ್ರೊಸೆಸರ್ ಪಟ್ಟಿ ನೋಡಿ. ಯಾವ ಪ್ರೊಸೆಸರ್‌ಗೆ ಕನಿಷ್ಠ ಯಾವ ಬಯೋಸ್ ಬೇಕು ಅಂತ ಅಲ್ಲೇ ಬರೆದಿರುತ್ತೆ. ಅದು ಅಥವಾ ಅದರ ನಂತರದ, ಬೀಟಾ ಅಲ್ಲದ ಆವೃತ್ತಿ ಆರಿಸಿ.

ಮೂರನೇದು, ಆವೃತ್ತಿಯ ಕೆಳಗಿನ ಟಿಪ್ಪಣಿ ಓದಿ. “ಮೊದಲು ಇಂಥ ಆವೃತ್ತಿ ಹಾಕಿ, ಆಮೇಲೆ ಇದು” ಅಂತಿದ್ದರೆ ಮೆಟ್ಟಿಲು ಹಾರಬೇಡಿ.

ಎಲ್ಲ ಚೆನ್ನಾಗಿ ನಡೀತಿದ್ರೆ? ಭದ್ರತೆಯ ಅಥವಾ ದೊಡ್ಡ ದೋಷದ ಪರಿಹಾರ ಇದ್ದರೆ ಮಾತ್ರ ಹಾಕಿ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಅತಿಯಾದ ವೋಲ್ಟೇಜ್‌ನಿಂದ ಹಾಳಾಗ್ತಿದ್ದಾಗ 2024ರಲ್ಲಿ ಪರಿಹಾರ ಬಂದಿದ್ದು ಬಯೋಸ್ ಮೂಲಕವೇ. ಅಂಥದ್ದನ್ನು ಮುಂದೂಡಬೇಡಿ.

ಹಾಕುವ ಮುನ್ನ ಬಿಟ್‌ಲಾಕರ್ ಇದ್ದರೆ ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ರಿಕವರಿ ಕೀ ಬರೆದಿಟ್ಕೊಳ್ಳಿ. ನಡುವೆ ಕರೆಂಟ್ ಹೋದರೆ ಬೋರ್ಡೇ ಏಳದಂತಾಗಬಹುದು. ಹಾಗಾಗಿ ಯುಪಿಎಸ್ ಇರಲಿ. ಮನೆಯ ಇನ್ವರ್ಟರ್ ಬದಲಾಗುವ ಕ್ಷಣದಲ್ಲೂ ಕೆಲವು ಕಂಪ್ಯೂಟರ್ ರೀಸ್ಟಾರ್ಟ್ ಆಗ್ತವೆ.

ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವ್‌ನಿಂದ ಬಯೋಸ್ ಹಾಕುವ ಬಟನ್ ಕೆಲವು ಬೋರ್ಡ್‌ಗಳಲ್ಲಿದೆ. ತಮ್ಮನದರಲ್ಲಿ ಇರಲಿಲ್ಲ. ಪುಣ್ಯಕ್ಕೆ ಹಳೇ ಪ್ರೊಸೆಸರ್ ಮಾರಿರಲಿಲ್ಲ. ಅದನ್ನೇ ಮತ್ತೆ ಕೂರಿಸಿ, ಪಟ್ಟಿ ನೋಡಿ ಬಯೋಸ್ ಹಾಕಿ, ಆಮೇಲೆ ಹೊಸದನ್ನು ಹಾಕಿದೆವು. ಭಾನುವಾರ ಸಂಜೆ ಸ್ಕ್ರೀನ್ ಬಂತು.

ನೀವೂ ಪ್ರೊಸೆಸರ್ ಬದಲಿಸೋರಿದ್ರೆ, ಹಳೇದನ್ನು ಬಿಚ್ಚೋ ಮೊದಲೇ ಬಯೋಸ್ ನೋಡಿಕೊಳ್ಳಿ. ಅರ್ಧ ಗಂಟೆ ಹೋಗಬಹುದು, ಬಳ್ಳಾರಿ ಬಸ್ ಹತ್ತೋದು ತಪ್ಪುತ್ತೆ.